ಸುಟ್ಟ ತೋಟದ ಮಣ್ಣು ನೀರು

ಬೀಜಿಂಗಿನ ಯುವಾನ್‌ಮಿಂಗ್‌ಯುವಾನ್ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಬರುವ ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬಿಳಿ ಕಲ್ಲಿನ ಮುರಿದ ಕಂಬಗಳು, ಅರ್ಧ ಉಳಿದ ಕಮಾನು, ಹುಲ್ಲಿನ ಮೇಲೆ ಚೆಲ್ಲಾಡಿದ ಕೆತ್ತನೆಯ ತುಂಡುಗಳು. ಹೆಸರು ಹೇಳದೆ ತೋರಿಸಿದರೆ ಇಟಲಿಯದ್ದೋ ಗ್ರೀಸಿನದ್ದೋ ಅಂದುಕೊಳ್ಳಬೇಕು. ಚೀನಾದ ಚಿಂಗ್ ವಂಶದ ಚಕ್ರವರ್ತಿಗಳು ನೂರೈವತ್ತು ವರ್ಷ ತಮ್ಮದಾಗಿ ಇಟ್ಟುಕೊಂಡಿದ್ದ ತೋಟ ಇದು. ವರ್ಷದ ಬಹುಪಾಲು ಅಲ್ಲೇ ಇರುತ್ತಿದ್ದರು, ರಾಜ್ಯಭಾರವನ್ನೂ ಅಲ್ಲಿಂದಲೇ ಮಾಡುತ್ತಿದ್ದರು. ಚಿತ್ರದಲ್ಲಿ ಕಾಣುವ ಕಂಬಗಳ ಜಾಗ ಆ ಇಡೀ ತೋಟದ ನೂರರಲ್ಲಿ ಎರಡು ಪಾಲು ಇದ್ದೀತು, ಅಷ್ಟೇ. ಉಳಿದ ತೊಂಬತ್ತೆಂಟು ಪಾಲು ಎಲ್ಲಿ ಹೋಯಿತು? ಈ ಪ್ರಶ್ನೆ ತುಂಬ ದಿನದಿಂದ ನನ್ನ ತಲೆಯಲ್ಲಿ ಕೂತಿದೆ.

ಕೆಲಸದ ಮೇಲೆ ಬೀಜಿಂಗಿಗೆ ಹೋಗಿದ್ದಾಗ ಒಂದು ರಜೆಯ ದಿನ ಅಲ್ಲಿಗೆ ಹೋದೆ. ಮೆಟ್ರೊ ಇಳಿದರೆ ಎದುರಿಗೇ ದಕ್ಷಿಣದ ಗೇಟು. ಜನ ಎಲ್ಲ ಒಂದೇ ದಿಕ್ಕಿಗೆ ಹೋಗುತ್ತಿದ್ದರು, ನಾನೂ ಹೋದೆ. ಈಶಾನ್ಯ ಮೂಲೆಯಲ್ಲಿರುವ ಆ ಕಂಬಗಳ ಹತ್ತಿರ ಹೋಗುವಷ್ಟರಲ್ಲಿ ಗದ್ದಲವೋ ಗದ್ದಲ. ಕೊರಳಿಗೆ ಮೈಕ್ ಸಿಕ್ಕಿಸಿಕೊಂಡ ಗೈಡ್‌ಗಳು, ಒಂದೇ ಬಣ್ಣದ ಟೋಪಿ ಹಾಕಿದ ಶಾಲೆ ಮಕ್ಕಳು, ಕಂಬದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಸಂಸಾರಗಳು. ಒಬ್ಬ ಅಜ್ಜ ಮೊಮ್ಮಗಳಿಗೆ ಏನನ್ನೋ ಬಹಳ ಗಂಭೀರವಾಗಿ ಹೇಳುತ್ತಿದ್ದರು. ಭಾಷೆ ಬಾರದಿದ್ದರೂ ನಡುವೆ ಬಂದ ‘ಇಂಗ್ಗ್ವೊ’, ‘ಫಾಗ್ವೊ’ ಎಂಬ ಎರಡು ಹೆಸರು ಕಿವಿಗೆ ಬಿದ್ದವು. ಇಂಗ್ಲೆಂಡ್, ಫ್ರಾನ್ಸ್. ಆ ಹುಡುಗಿ ಒಮ್ಮೆ ಅಜ್ಜನ ಮುಖ ನೋಡುತ್ತಿತ್ತು, ಒಮ್ಮೆ ಕಲ್ಲುಗಳನ್ನು ನೋಡುತ್ತಿತ್ತು. ಅಲ್ಲಿಂದ ಪಶ್ಚಿಮಕ್ಕೆ ಅರ್ಧ ಗಂಟೆ ನಡೆದರೆ ಜನ ಪೂರ್ತಿ ಕಮ್ಮಿ. ಕೆರೆ, ಕೆರೆಯ ಅಂಚಿನಲ್ಲಿ ಪುಟ್ಟ ಗುಡ್ಡ, ಗುಡ್ಡ ಸುತ್ತಿ ಹೋದರೆ ಮತ್ತೊಂದು ನೀರು. ಅಲ್ಲಲ್ಲಿ ನೆಲಮಟ್ಟದ ಅಡಿಪಾಯದ ಕಲ್ಲು, ಪಕ್ಕದಲ್ಲಿ ಹಳೆಯ ಚಿತ್ರ ಅಂಟಿಸಿದ ಒಂದು ಫಲಕ. ನಿಜವಾದ ತೋಟ ಇದೇ. ನೋಡಲು ಯಾರೂ ಇರಲಿಲ್ಲ.

ನಾಡಿನ ನಕ್ಷೆಯನ್ನೇ ನೆಲದ ಮೇಲೆ ಬರೆದವರು

ಕಥೆ ಶುರುವಾಗುವುದು 1707ರಲ್ಲಿ. ಕಾಂಗ್‌ಶಿ ಚಕ್ರವರ್ತಿ ಊರಾಚೆ ವಾಯುವ್ಯದಲ್ಲಿ ಒಂದಿಷ್ಟು ಜಾಗವನ್ನು ತನ್ನ ನಾಲ್ಕನೇ ಮಗನಿಗೆ ಕೊಟ್ಟ. ಆ ಕಡೆಯ ನೆಲವೇ ಹಾಗೆ, ಅಗೆದಲ್ಲಿ ನೀರು. ಪಶ್ಚಿಮದ ಬೆಟ್ಟಗಳ ಬುಡದಿಂದ ಬುಗ್ಗೆಗಳು ಹರಿದು ಬಂದು ಜೌಗಾಗಿದ್ದ ಪ್ರದೇಶ. ಮುಂದೆ ಆ ಮಗನೇ ಯೊಂಗ್‌ಝೆಂಗ್ ಚಕ್ರವರ್ತಿಯಾದ, ತನ್ನ ಖಾಸಗಿ ತೋಟವನ್ನೇ ಎರಡನೇ ಅರಮನೆ ಮಾಡಿಕೊಂಡ. ಅವನ ಮಗ ಚಿಯಾನ್‌ಲೊಂಗ್ ಅದನ್ನು ಕೈ ಬಿಚ್ಚಿ ಬೆಳೆಸಿದ. ಪೂರ್ವಕ್ಕೆ ಚಾಂಗ್‌ಚುನ್‌ಯುವಾನ್, ಆಗ್ನೇಯಕ್ಕೆ ಚಿಚುನ್‌ಯುವಾನ್ ಸೇರಿ ಮೂರು ತೋಟಗಳು ಒಂದಾದವು. ಒಟ್ಟು ಸುಮಾರು 350 ಹೆಕ್ಟೇರ್, ಅಂದರೆ ಊರೊಳಗಿನ ಅರಮನೆಯಾದ ನಿಷೇಧಿತ ನಗರದ ಐದು ಪಟ್ಟು. ಅದರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ನೀರು.

ಇಲ್ಲಿ 1722ರ ಒಂದು ಪ್ರಸಂಗ ಹೇಳಲೇಬೇಕು. ಮುದುಕನಾದ ಕಾಂಗ್‌ಶಿ ಮಗನ ತೋಟಕ್ಕೆ ಪಿಯೋನಿ ಹೂ ನೋಡಲು ಬಂದ. ಆಗ ಮಗ ತನ್ನ ಹತ್ತು ಹನ್ನೊಂದು ವರ್ಷದ ಹುಡುಗನನ್ನು ಅಜ್ಜನ ಮುಂದೆ ನಿಲ್ಲಿಸಿದ. ಅಜ್ಜನಿಗೆ ಹುಡುಗ ತುಂಬ ಹಿಡಿಸಿದ, ಅರಮನೆಗೆ ಕರೆದುಕೊಂಡು ಹೋಗಿ ತನ್ನ ಹತ್ತಿರವೇ ಇಟ್ಟುಕೊಂಡ. ಆ ವರ್ಷದ ಕೊನೆಗೆ ಕಾಂಗ್‌ಶಿ ತೀರಿಕೊಂಡ. ಆ ಹೂವಿನ ಜಗಲಿಯ ಮೇಲೆ ಒಂದೇ ಹೊತ್ತಿನಲ್ಲಿ ನಿಂತಿದ್ದ ಅಜ್ಜ, ಅಪ್ಪ, ಮೊಮ್ಮಗ ಮೂವರೂ ಸೇರಿ ಚೀನಾವನ್ನು ನೂರಮೂವತ್ತು ವರ್ಷಕ್ಕೂ ಜಾಸ್ತಿ ಆಳಿದವರು. ಆ ಹುಡುಗನೇ ಚಿಯಾನ್‌ಲೊಂಗ್. ಈ ತೋಟದ ಮೇಲೆ ಅವನಿಗಿದ್ದ ಪ್ರೀತಿಯಲ್ಲಿ ಆ ದಿನದ ಪಾಲೂ ಇತ್ತು ಅಂತ ನನಗೆ ಅನ್ನಿಸುತ್ತದೆ.

ತೋಟದ ವಿನ್ಯಾಸವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕಟ್ಟಡಗಳನ್ನು ಮರೆತು ನೀರನ್ನು ಹಿಂಬಾಲಿಸಬೇಕು. ವಾಯುವ್ಯ ಮೂಲೆಯಲ್ಲಿ ತೋಟದ ಅತಿ ಎತ್ತರದ ಗುಡ್ಡ ಇತ್ತು. ಅದು ಕುನ್‌ಲುನ್ ಪರ್ವತದ ಲೆಕ್ಕ. ನೀರು ಆ ಕಡೆಯಿಂದ ಬಂದು, ಕಾಲುವೆಗಳಲ್ಲಿ ಸುತ್ತಿ ಸುತ್ತಿ, ಪೂರ್ವದ ಫುಹಾಯ್ ಎಂಬ ದೊಡ್ಡ ಕೆರೆಗೆ ಸೇರುತ್ತಿತ್ತು. ಅದು ಪೂರ್ವದ ಸಮುದ್ರ. ಸುಮಾರು 600 ಮೀಟರ್ ಅಗಲದ ಆ ಕೆರೆಯ ನಟ್ಟನಡುವೆ ಮೂರು ಪುಟ್ಟ ದ್ವೀಪಗಳು, ಸಾವಿಲ್ಲದವರು ವಾಸಿಸುವ ಪೆಂಗ್‌ಲಾಯ್ ದ್ವೀಪಗಳ ಹಾಗೆ. ಚೀನಾದ ನೆಲ ಪಶ್ಚಿಮದಲ್ಲಿ ಎತ್ತರ, ಪೂರ್ವದಲ್ಲಿ ತಗ್ಗು, ದೊಡ್ಡ ನದಿಗಳೆಲ್ಲ ಪೂರ್ವಕ್ಕೆ ಹರಿಯುತ್ತವೆ. ತೋಟದಲ್ಲೂ ಹಾಗೆಯೇ. ನಡುವೆ ಸುಮಾರು 200 ಮೀಟರ್ ಅಗಲದ ಹಿಂದಿನ ಕೆರೆ, ಅದರ ಸುತ್ತ ಬಳೆಯ ಹಾಗೆ ಒಂಬತ್ತು ದ್ವೀಪ. ಹಳೆಯ ಚೀನಾ ಒಂಬತ್ತು ಪ್ರಾಂತ್ಯಗಳ ನಾಡು ಅಂತ ಅವರ ಪುರಾಣ ಹೇಳುತ್ತದಲ್ವಾ, ಅದೇ ಒಂಬತ್ತು. ದಕ್ಷಿಣದ ದೊಡ್ಡ ದ್ವೀಪದಲ್ಲಿ ಚಕ್ರವರ್ತಿಯ ಮನೆ. ಅದರ ಮುಂದೆ ಮುಂದಿನ ಕೆರೆ, ಅದರಾಚೆ ದರ್ಬಾರು, ದರ್ಬಾರಿನ ಮುಂದೆ ಹೆಬ್ಬಾಗಿಲು. ಹೆಬ್ಬಾಗಿಲಿನಿಂದ ಚಕ್ರವರ್ತಿಯ ಮನೆಯವರೆಗೆ ಮಾತ್ರ ಎಲ್ಲ ನೆಟ್ಟಗೆ. ಅಲ್ಲಿಂದಾಚೆ ನೆಟ್ಟಗಿನ ದಾರಿಯನ್ನು ಹುಡುಕಬೇಕು.

ಇದನ್ನೆಲ್ಲ ಮಾಡಿದ್ದು ಹೇಗೆ? ಅಗೆದು. ಕೆರೆ ತೋಡಿದ ಮಣ್ಣನ್ನು ದಡದಲ್ಲೇ ಗುಡ್ಡ ಹಾಕಿದರು. ಗುಡ್ಡಗಳು ಭಾರಿ ಎತ್ತರವೇನೂ ಇಲ್ಲ, ಒಂದೊಂದು ಜಾಗದ ಸುತ್ತ ಮರೆ ಕಟ್ಟುವಷ್ಟು. ಒಂದು ಕಡೆ ನಿಂತವನಿಗೆ ಪಕ್ಕದ ಜಾಗ ಕಾಣಬಾರದು. ಗುಡ್ಡದ ಸಂದಿಯಲ್ಲಿ ನುಸುಳಿದಾಗ ಒಮ್ಮೆಲೇ ಬೇರೆ ಲೋಕ ತೆರೆದುಕೊಳ್ಳಬೇಕು. ನಾನು ಅಲ್ಲಿ ಅಡ್ಡಾಡಿದಾಗ ಕಟ್ಟಡ ಒಂದೂ ಇಲ್ಲದಿದ್ದರೂ ಇದು ಕಾಲಿಗೆ ಗೊತ್ತಾಯಿತು. ದಾರಿ ತಿರುಗುತ್ತದೆ, ನೀರು ಮರೆಯಾಗುತ್ತದೆ, ತುಸು ಹೊತ್ತು ಬರೀ ಪೈನ್ ಮರ, ಆಮೇಲೆ ಇನ್ನೊಂದು ನೀರು.

ನಲವತ್ತು ಚಿತ್ರ

ಚಿಯಾನ್‌ಲೊಂಗ್ ತನ್ನ ತೋಟದ ನಲವತ್ತು ನೋಟಗಳನ್ನು ಆರಿಸಿ, ಒಂದೊಂದಕ್ಕೂ ಹೆಸರಿಟ್ಟು ಕವಿತೆ ಬರೆದ. ತಾಂಗ್ ದಾಯ್, ಶೆನ್ ಯುವಾನ್ ಎಂಬ ಆಸ್ಥಾನ ಚಿತ್ರಗಾರರು ರೇಷ್ಮೆಯ ಮೇಲೆ ಅವನ್ನು ಬರೆದು 1744ರಲ್ಲಿ ಮುಗಿಸಿದರು. ಹಕ್ಕಿ ಮೇಲಿನಿಂದ ನೋಡಿದ ಹಾಗಿರುವ ಚಿತ್ರಗಳು. ಮುಂದೆ ಹೇಳುವ 1860ರ ಲೂಟಿಯಲ್ಲಿ ಪ್ಯಾರಿಸ್‌ಗೆ ಹೋದ ಅವು ಈಗಲೂ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಇವನ್ನು ಒಂದೊಂದಾಗಿ ನೋಡುತ್ತ ಕೂತರೆ ರಾತ್ರಿ ಸರಿದದ್ದೇ ತಿಳಿಯುವುದಿಲ್ಲ. ಒಂದು ಕಡೆ ಭತ್ತದ ಗದ್ದೆ ಮತ್ತು ರೈತರ ಊರು. ಹೌದು, ಚಕ್ರವರ್ತಿಯ ತೋಟದೊಳಗೆ ನಿಜವಾದ ಗದ್ದೆ. ಮಳೆ ಬೆಳೆಯ ಚಿಂತೆ ಅರಸನ ಕಣ್ಣೆದುರಿಗೇ ಇರಬೇಕು ಎಂದು. ಒಂದು ಕಡೆ ಪೀಚ್ ಹೂವಿನ ಕಣಿವೆ. ಇನ್ನೊಂದು ಕಡೆ ನೀರಿನ ನಡುವೆ ಸ್ವಸ್ತಿಕದ ಆಕಾರದಲ್ಲಿ ಕಟ್ಟಿದ ಮನೆ. ಚಳಿಗೆ ಒಂದು ಮಗ್ಗುಲು, ಸೆಕೆಗೆ ಒಂದು ಮಗ್ಗುಲು. ಯೊಂಗ್‌ಝೆಂಗ್‌ಗೆ ಅದು ಬಹಳ ಇಷ್ಟವಾಗಿತ್ತಂತೆ. ಸ್ವಸ್ತಿಕ ಅಲ್ಲಿಗೆ ಹೋದದ್ದು ಬೌದ್ಧರ ಜೊತೆಗೆ, ನಮ್ಮ ಕಡೆಯಿಂದ.

ನಮ್ಮ ಕಡೆಯದು ಇನ್ನೂ ಒಂದಿತ್ತು. ತೋಟದೊಳಗೆ ಗೋಡೆ ಕಟ್ಟಿ, ಬಾಗಿಲುಗಳನ್ನಿಟ್ಟು, ಒಂದು ಶ್ರಾವಸ್ತಿಯನ್ನೇ ಮಾಡಿದ್ದರು. ಬುದ್ಧ ಎಷ್ಟೋ ಮಳೆಗಾಲಗಳನ್ನು ಕಳೆದ ಕೋಸಲದ ಶ್ರಾವಸ್ತಿ. ಅರಮನೆಗೆ ಕಾಣಿಕೆಯಾಗಿ ಬಂದ ಬುದ್ಧನ ಮೂರ್ತಿಗಳನ್ನೆಲ್ಲ ಅದರೊಳಗೆ ಇಡುತ್ತಿದ್ದರು. ಅದನ್ನು ಕಟ್ಟಿದ ಕಾಲಕ್ಕೆ ನಿಜವಾದ ಶ್ರಾವಸ್ತಿ ಕಾಡು ಬೆಳೆದ ದಿಬ್ಬವಾಗಿ, ಅದು ಎಲ್ಲಿತ್ತು ಎನ್ನುವುದೇ ನಮ್ಮಲ್ಲಿ ಮರೆತುಹೋಗಿತ್ತು. ಆ ಹೆಸರಿನ ಊರು ಬೀಜಿಂಗಿನಲ್ಲಿ ಚೆನ್ನಾಗಿ ಬದುಕಿತ್ತು.

ಶ್ರಾವಸ್ತಿಯ ಪಕ್ಕದಲ್ಲೇ ಒಂದು ಪೇಟೆ ಬೀದಿ. ಅದರ ಬಗ್ಗೆ ನಮಗೆ ಹೇಳಿದವನು ಝಾನ್ ದೆನಿ ಅತಿರೆ ಎಂಬ ಫ್ರೆಂಚ್ ಮಿಷನರಿ. ಆಸ್ಥಾನದಲ್ಲಿ ಚಿತ್ರ ಬರೆಯುತ್ತಿದ್ದವನು. 1743ರಲ್ಲಿ ಅವನು ಪ್ಯಾರಿಸ್‌ಗೆ ಬರೆದ ಉದ್ದದ ಕಾಗದ ಮುಂದೆ ಅಚ್ಚಾಗಿ ಯುರೋಪಿನ ತೋಟಗಾರರ ತಲೆ ಕೆಡಿಸಿತು. ಅರಮನೆಯಿಂದ ಆಚೆ ಹೋಗಿ ಊರು ಸುತ್ತಲಾಗದ ಚಕ್ರವರ್ತಿಗೆ, ಅವನ ಹೆಂಡಿರಿಗೆ, ಒಂದು ಊರಿನ ಗೌಜು ಗದ್ದಲ ತೋರಿಸಲು ಆ ಬೀದಿ ಅಂತ ಅವನು ಬರೆದಿದ್ದಾನೆ. ಅರಮನೆಯ ನಪುಂಸಕ ಸೇವಕರೇ ಅಂಗಡಿಯವರಾಗಿ, ಹಮಾಲಿಗಳಾಗಿ, ಚೌಕಾಸಿ ಮಾಡುವ ಗಿರಾಕಿಗಳಾಗಿ, ಕೊನೆಗೆ ಕಿಸೆಗಳ್ಳರಾಗಿಯೂ ವೇಷ ಹಾಕುತ್ತಿದ್ದರಂತೆ. ಇದನ್ನು ಓದಿದಾಗೆಲ್ಲ ನನಗೆ ಕನಿಕರ ಆಗುತ್ತದೆ. ಇಡೀ ದೇಶ ಕೈಯಲ್ಲಿದ್ದವರಿಗೆ ಸುಮ್ನೆ ಒಂದು ಸಂತೆಗೆ ಹೋಗಿಬರುವ ಸುಖ ಇರಲಿಲ್ಲ.

ಹಾಂಗ್‌ಝೌದ ಪಶ್ಚಿಮ ಸರೋವರದ ನೋಟಗಳೂ ಇಲ್ಲಿದ್ದವು. ಸುಝೌದ ಸಿಂಹವನ ಚಿಯಾನ್‌ಲೊಂಗ್ ದಕ್ಷಿಣದ ಪ್ರವಾಸದಲ್ಲಿ ಕಂಡು ಮೆಚ್ಚಿ ಇಲ್ಲಿ ಮಾಡಿಸಿದ್ದು. ಆ ಯುರೋಪ್ ಶೈಲಿಯ ಕಲ್ಲಿನ ಮಹಲುಗಳೂ ಇದೇ ಹುಮ್ಮಸ್ಸಿನವು. ಇಟಲಿಯ ಮಿಷನರಿ ಕಸ್ತಿಲ್ಯೋನೆ ನಕ್ಷೆ ಹಾಕಿದ, ಫ್ರೆಂಚ್ ಪಾದ್ರಿ ಬೆನ್ವಾ ಕಾರಂಜಿಗಳ ಯಂತ್ರ ಕೂಡಿಸಿದ. 1747ರ ಹೊತ್ತಿಗೆ ಶುರುವಾದ ಕೆಲಸ. ಒಂದು ಮಹಲಿನ ಮುಂದೆ ಹನ್ನೆರಡು ಪ್ರಾಣಿತಲೆಯ ಮೂರ್ತಿಗಳು. ದಿನದ ಎರಡೆರಡು ಗಂಟೆಗೆ ಒಂದೊಂದು ಪ್ರಾಣಿ ಬಾಯಿಂದ ನೀರು ಚಿಮ್ಮಿಸಿ ಹೊತ್ತು ತಿಳಿಸುತ್ತಿತ್ತು, ನಡುಮಧ್ಯಾಹ್ನ ಹನ್ನೆರಡೂ ಒಟ್ಟಿಗೆ. 1774ರಲ್ಲಿ ಬೆನ್ವಾ ತೀರಿಕೊಂಡ ಮೇಲೆ ಯಂತ್ರ ನೋಡಿಕೊಳ್ಳುವವರಿಲ್ಲದೆ ಕೆಟ್ಟಿತು. ಆಮೇಲೆ ಚಕ್ರವರ್ತಿ ಆ ಕಡೆ ಬರುವ ದಿನ ಆಳುಗಳು ನೀರು ಹೊತ್ತು ತಂದು ತೊಟ್ಟಿ ತುಂಬುತ್ತಿದ್ದರು. ತೋಟದ ಉಳಿದ ನೀರೆಲ್ಲ ನೆಲದ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತಿದ್ದಾಗ ಇದೊಂದು ಮೂಲೆಗೆ ಮಾತ್ರ ಹೊತ್ತು ಹಾಕಬೇಕಿತ್ತು.

ಬೆಂಕಿ

1860ರ ಅಕ್ಟೋಬರ್. ಬ್ರಿಟನ್, ಫ್ರಾನ್ಸ್ ಸೇರಿ ಚೀನಾದ ಮೇಲೆ ಮಾಡಿದ ಎರಡನೇ ಅಫೀಮು ಯುದ್ಧದ ಕೊನೆ. ಶಿಯಾನ್‌ಫೆಂಗ್ ಚಕ್ರವರ್ತಿ ಆಗಲೇ ಉತ್ತರಕ್ಕೆ ಓಡಿಹೋಗಿದ್ದ. ಅಕ್ಟೋಬರ್ 6ರ ಸಂಜೆ ಫ್ರೆಂಚ್ ಸೈನ್ಯ ಹೆಬ್ಬಾಗಿಲಿಗೆ ಬಂತು, ಮರುದಿನದಿಂದ ಎರಡೂ ಸೈನ್ಯಗಳ ಲೂಟಿ. ತೋಟದ ಉಸ್ತುವಾರಿಯಲ್ಲಿದ್ದ ವೆನ್‌ಫೆಂಗ್ ಎಂಬ ಅಧಿಕಾರಿ ಫುಹಾಯ್ ಕೆರೆಗೆ ಹಾರಿ ಪ್ರಾಣ ಬಿಟ್ಟ. ಸಂಧಾನಕ್ಕೆಂದು ಬಿಳಿ ಬಾವುಟ ಹಿಡಿದು ಹೋಗಿದ್ದ ಬ್ರಿಟಿಷರ, ಫ್ರೆಂಚರ ತಂಡವನ್ನು ಚೀನಾದವರು ಸೆರೆಹಿಡಿದಿದ್ದರು. ಅವರಲ್ಲಿ ಅರ್ಧದಷ್ಟು ಜನ ಚಿತ್ರಹಿಂಸೆಯಿಂದ ಸತ್ತದ್ದು ತಿಳಿದಾಗ ಬ್ರಿಟನ್ನಿನ ಪ್ರತಿನಿಧಿ ಲಾರ್ಡ್ ಎಲ್ಗಿನ್ ತೋಟವನ್ನೇ ಸುಡಲು ಆಜ್ಞೆ ಮಾಡಿದ. ಫ್ರೆಂಚರು ಇದಕ್ಕೆ ಕೈ ಹಾಕಲಿಲ್ಲ. ಅಕ್ಟೋಬರ್ 18ಕ್ಕೆ ಬೆಂಕಿ ಇಟ್ಟರು. ಮರದ ಕಂಬ, ಮರದ ತೊಲೆ, ಅರಗಿನ ಬಣ್ಣ. ಉರಿಯಲು ಇನ್ನೇನು ಬೇಕು? ಹೊಗೆ ಬೀಜಿಂಗಿನ ಮೇಲೆ ದಿನಗಟ್ಟಲೆ ನಿಂತಿತ್ತು. ಚೀನಾದ ಮುಖ್ಯ ಪುಸ್ತಕಗಳನ್ನೆಲ್ಲ ಕೈಬರಹದಲ್ಲಿ ನಕಲು ಮಾಡಿದ ಸಾವಿರಾರು ಸಂಪುಟಗಳ ಮಹಾಕೋಶದ ಏಳು ಪ್ರತಿಗಳಲ್ಲಿ ಒಂದು ಅಲ್ಲಿನ ಗ್ರಂಥಾಲಯದಲ್ಲಿತ್ತು. ಅದೂ ಹೋಯಿತು. ಎಲ್ಗಿನ್‌ನ ಕಾರಣ ಇಷ್ಟು: ಜನರಿಗೆ ತೊಂದರೆ ಆಗದೆ ಚಕ್ರವರ್ತಿಗೆ ಮಾತ್ರ ನೋವಾಗಬೇಕು. ಸತ್ತ ಸೆರೆಯಾಳುಗಳ ಮನೆಯವರ ನೋವು ದೊಡ್ಡದೇ. ಆದರೆ ಎರಡು ಮೂರು ತಲೆಮಾರಿನ ಬಡಗಿಗಳು, ಗಾರೆ ಕೆಲಸದವರು, ಚಿತ್ರಗಾರರು ಮಾಡಿದ್ದನ್ನು ಒಬ್ಬ ಚಕ್ರವರ್ತಿಯ ಆಸ್ತಿ ಎಂದು ಎಣಿಸಿದ ಆ ಲೆಕ್ಕವನ್ನು ನಾನು ಒಪ್ಪಲಾರೆ.

ಈ ಕಥೆ ನಮಗೆ ದೂರದ್ದಲ್ಲ. ಯುದ್ಧದ ಮೂಲದಲ್ಲಿದ್ದ ಅಫೀಮು ಬೆಳೆದದ್ದು ಬಿಹಾರ, ಬಂಗಾಳ, ಮಾಳವದ ಹೊಲಗಳಲ್ಲಿ. ಬೀಜಿಂಗಿಗೆ ನಡೆದ ಬ್ರಿಟಿಷ್ ಸೈನ್ಯದಲ್ಲಿ ಸಿಖ್ಖರಿದ್ದರು, ಪಂಜಾಬಿನ ಪದಾತಿಗಳಿದ್ದರು, ಕುದುರೆ ಸವಾರರಿದ್ದರು, ಮದ್ರಾಸ್ ಸ್ಯಾಪರ್ಸ್ ಇದ್ದರು. ಬೆಂಗಳೂರಿನ ಹಲಸೂರು ಕೆರೆಯ ಆಸುಪಾಸಿನಲ್ಲಿ ಬೋರ್ಡು ಕಾಣುತ್ತದಲ್ಲ, ಮದ್ರಾಸ್ ಎಂಜಿನಿಯರ್ ಗ್ರೂಪ್, ಅವರ ಹಿಂದಿನವರೇ ಈ ಸ್ಯಾಪರ್ಸ್. ಅವರ ಯುದ್ಧ ಗೌರವಗಳ ಪಟ್ಟಿಯಲ್ಲಿ ‘ಟಾಕು ಫೋರ್ಟ್ಸ್’, ‘ಪೀಕಿನ್ 1860’ ಎರಡೂ ಇವೆ. ಸೇತುವೆ ಕಟ್ಟುವ, ದಾರಿ ಮಾಡುವ ಕೆಲಸಕ್ಕೆ ತೆಂಕಣದ ಹಳ್ಳಿಗಳಿಂದ ಸಮುದ್ರ ದಾಟಿ ಹೋದವರು ಅವರು. ಹಲಸೂರಿನ ಆ ಗೋಡೆಯ ಪಕ್ಕ ಬಸ್ಸಿನಲ್ಲಿ ಹೋಗುವಾಗ ಈಗ ನನಗೆ ಅದೇ ನೆನಪು.

ಎಲ್ಗಿನ್ ಮುಂದೆ 1862ರಲ್ಲಿ ಭಾರತದ ವೈಸ್‌ರಾಯ್ ಆಗಿ ಬಂದ. ಮರುವರ್ಷ ನವೆಂಬರ್‌ನಲ್ಲಿ ಧರ್ಮಶಾಲೆಯಲ್ಲಿ ತೀರಿಕೊಂಡ. ಅಲ್ಲಿನ ಸೇಂಟ್ ಜಾನ್ ಚರ್ಚಿನ ಅಂಗಳದಲ್ಲಿ, ದೇವದಾರು ಮರಗಳ ನಡುವೆ ಅವನ ಸಮಾಧಿ ಇದೆ. ಮನೆಯವರ ಜೊತೆ ಪ್ರವಾಸ ಹೋದಾಗ ನಾನು ಅದನ್ನು ಹುಡುಕಿಕೊಂಡು ಹೋಗಿದ್ದೆ. ಮೇಲೆ ಮಕ್ಲಿಯಾಡ್‌ಗಂಜ್‌ನ ರಸ್ತೆಯಲ್ಲಿ ಟಿಬೆಟನ್ನರ ಅಂಗಡಿಗಳು, ಪ್ರಾರ್ಥನೆಯ ಬಾವುಟಗಳು. ತನ್ನ ಮನೆ ಕಳೆದುಕೊಂಡ ಒಂದು ಜನ ಬಂದು ನೆಲೆಸಿದ ಊರಿನ ಬುಡದಲ್ಲಿ, ಬೇರೆಯವರ ಮನೆ ಸುಡಲು ಹೇಳಿದ ಮನುಷ್ಯ ಮಲಗಿದ್ದಾನೆ. ಜೊತೆಗಿದ್ದವರಿಗೆ ನಾನು ಅಷ್ಟು ಹೊತ್ತು ಅಲ್ಲಿ ಯಾಕೆ ನಿಂತಿದ್ದೆ ಅಂತ ಗೊತ್ತಾಗಲಿಲ್ಲ. ಹೇಳಲು ಹೋದೆ, ಮಾತು ಸರಿಯಾಗಿ ಬರಲಿಲ್ಲ.

ಬೆಂಕಿಯ ನಂತರ

ಶಾಲೆಯ ಪಾಠ, ಗೈಡ್‌ಗಳ ಮಾತು ಎಲ್ಲ ಈ ಬೆಂಕಿಯ ಹತ್ತಿರ ಮುಗಿಯುತ್ತವೆ. ಆದರೆ ಈ ತೋಟದ ಚರಿತ್ರೆ ಬಲ್ಲ ಚೀನಾದವರು ನಾಲ್ಕು ನಾಶಗಳ ಮಾತಾಡುತ್ತಾರೆ. ಬೆಂಕಿಯದು, ಮರದ್ದು, ಕಲ್ಲಿನದು, ಮಣ್ಣಿನದು. ಬೆಂಕಿಯಲ್ಲಿ ಎಲ್ಲವೂ ಹೋಗಿರಲಿಲ್ಲ. ದೂರದ ಮೂಲೆಗಳ ಕೆಲವು ಕಟ್ಟಡ, ಮರಗಳೆಲ್ಲ ಉಳಿದಿದ್ದವು. 1873ರಲ್ಲಿ ಮತ್ತೆ ಕಟ್ಟುವ ಕೆಲಸವೂ ಶುರುವಾಗಿ, ದುಡ್ಡಿಲ್ಲದೆ ಮರುವರ್ಷ ನಿಂತಿತು. 1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ಹೊತ್ತಿಗೆ ಎಂಟು ದೇಶಗಳ ಸೈನ್ಯ ಬೀಜಿಂಗಿಗೆ ಬಂದು ಆಳ್ವಿಕೆಯೇ ಇಲ್ಲವಾದಾಗ, ಸುತ್ತಲಿನವರು, ಸೈನಿಕರು ಸೇರಿ ಉಳಿದ ತೊಲೆ, ಬಾಗಿಲು, ಹಳೆಯ ಮರ ಎಲ್ಲ ಕಡಿದು ಮಾರಿದರು. ಚಕ್ರಾಧಿಪತ್ಯ ಬಿದ್ದ ಮೇಲೆ ಕಲ್ಲಿನ ಸರದಿ. ಅಧಿಕಾರ ಇದ್ದವರೆಲ್ಲ ಗಾಡಿಗಟ್ಟಲೆ ಕಲ್ಲು ಸಾಗಿಸಿದರು. ಇಲ್ಲಿನ ಕೆತ್ತನೆಯ ಕಂಬಗಳು ಇವತ್ತು ಪೀಕಿಂಗ್ ವಿಶ್ವವಿದ್ಯಾಲಯದ ಅಂಗಳದಲ್ಲಿವೆ, ಹಳೆಯ ರಾಷ್ಟ್ರೀಯ ಗ್ರಂಥಾಲಯದ ಮುಂದಿವೆ.

ಕೊನೆಯದು ಮಣ್ಣು. ಹಸಿದ ಕಾಲದಲ್ಲಿ ಜನ ತೋಟದೊಳಗೆ ಬಂದು ನೆಲೆಸಿದರು. ಗುಡ್ಡ ಸವರಿ ಕೆರೆ ತುಂಬಿಸಿದರು, ಭತ್ತ ನಾಟಿ ಮಾಡಿದರು. ಹೊಟ್ಟೆಗಿಲ್ಲದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೂ ನನ್ನ ಮಟ್ಟಿಗೆ ತೋಟ ಸಾಯುವ ಹತ್ತಿರ ಹೋದದ್ದು ಆಗಲೇ. ಯಾಕೆಂದರೆ ಮರದ ಮನೆಯನ್ನು ಚಿತ್ರ ನೋಡಿ ಮತ್ತೆ ಕಟ್ಟಬಹುದು. ಲೇ ಎಂಬ ಮನೆತನದವರು ತಲೆಮಾರುಗಳಿಂದ ಅರಮನೆಯ ವಾಸ್ತುಶಿಲ್ಪಿಗಳಾಗಿದ್ದರು. ಅವರ ನಕ್ಷೆಗಳು, ರಟ್ಟಿನ ಮಾದರಿಗಳು ಇವತ್ತಿಗೂ ಇವೆ, ಯುನೆಸ್ಕೊ 2007ರಲ್ಲಿ ಅವನ್ನು ಜಗತ್ತಿನ ನೆನಪಿನ ದಾಖಲೆಗಳಲ್ಲಿ ಸೇರಿಸಿತು. ಆದರೆ ನೀರು ಹರಿಯುವ ಆ ತಗ್ಗು, ನೋಟ ಮರೆಸುವ ಆ ಏರು, ಇವು ಹೋದರೆ ಯಾವ ಜಾಗದಲ್ಲಿ ಕಟ್ಟುವುದು? ಪುಣ್ಯಕ್ಕೆ ಎಲ್ಲ ಸಮ ಆಗಲಿಲ್ಲ. 1976ರಲ್ಲಿ ಜಾಗ ನೋಡಿಕೊಳ್ಳಲು ಒಂದು ಕಚೇರಿ ಬಂತು. 1980ರಲ್ಲಿ ಸಾವಿರದೈನೂರಕ್ಕೂ ಹೆಚ್ಚು ಜನ ಸಹಿ ಹಾಕಿ ತೋಟ ಉಳಿಸಿ ಎಂದು ಮನವಿ ಕೊಟ್ಟರು. 1988ರಲ್ಲಿ ಅವಶೇಷಗಳ ಉದ್ಯಾನವಾಗಿ ಜನರಿಗೆ ತೆರೆಯಿತು. ತುಂಬಿಸಿದ ಕೆರೆಗಳನ್ನು ಮತ್ತೆ ಅಗೆದರು. ಉಪಗ್ರಹದ ನಕ್ಷೆಯಲ್ಲಿ ನೋಡಿದರೆ ಒಂಬತ್ತು ದ್ವೀಪಗಳ ಬಳೆ ಇವತ್ತು ಸ್ಪಷ್ಟವಾಗಿ ಕಾಣುತ್ತದೆ. 1744ರ ಚಿತ್ರಗಾರರು ಕಂಡ ದಡಗಳೇ ಅವು.

ಈ ದಡಗಳಿಗೆ ಇನ್ನೊಂದು ಕುತ್ತು ಬಂದದ್ದು 2005ರಲ್ಲಿ. ಬೀಜಿಂಗಿನಲ್ಲಿ ಅಂತರ್ಜಲ ಇಳಿದು ಕೆರೆಗಳಲ್ಲಿ ನೀರು ನಿಲ್ಲುತ್ತಿರಲಿಲ್ಲ. ಇಂಗದ ಹಾಗೆ ಕೆರೆಗಳ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸತೊಡಗಿದರು. ಲಾಂಝೌ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ತೋಟ ನೋಡಲು ಬಂದಾಗ ಇದನ್ನು ಕಂಡು ಪತ್ರಿಕೆಯವರಿಗೆ ಹೇಳಿದರು. ದೊಡ್ಡ ಗಲಾಟೆಯಾಯಿತು. ಏಪ್ರಿಲ್‌ನಲ್ಲಿ ಪರಿಸರ ಇಲಾಖೆ ಬಹಿರಂಗ ವಿಚಾರಣೆ ನಡೆಸಿತು. ಜುಲೈನಲ್ಲಿ ಕೆಲಸ ಸರಿಪಡಿಸಬೇಕು ಎಂದು ಆದೇಶ ಬಂತು. ಕಾಣದ ಕೆರೆ ತಳಕ್ಕಾಗಿ ಒಂದು ದೇಶ ಇಷ್ಟು ಜಗಳ ಆಡಿತಲ್ಲ, ನನಗೆ ಅದು ಬಹಳ ಹಿಡಿಸಿತು. ಆ ಕಾರಂಜಿಯ ಕಂಚಿನ ಪ್ರಾಣಿತಲೆಗಳ ಬಗ್ಗೆ ಪ್ರಪಂಚಕ್ಕೆಲ್ಲ ಗೊತ್ತು. ಹನ್ನೆರಡರಲ್ಲಿ ಏಳು ಚೀನಾಕ್ಕೆ ವಾಪಸು ಬಂದಿವೆ. 2009ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಇಲಿ, ಮೊಲದ ತಲೆಗಳಿಗೆ ಕೂಗಿದ ಚೀನಾದವನೊಬ್ಬ ದುಡ್ಡು ಕೊಡುವುದಿಲ್ಲ ಎಂದದ್ದು ಸುದ್ದಿಯೋ ಸುದ್ದಿ. ತಲೆಗಳು ಬರಲಿ, ಬರಬೇಕಾದದ್ದೇ. ಆದರೆ ತಳದ ಮಣ್ಣಿನ ಜಗಳ ಅದಕ್ಕಿಂತ ದೊಡ್ಡದು ಅಂತ ನನ್ನ ಲೆಕ್ಕ.

ಮತ್ತೆ ಕಟ್ಟಬೇಕೋ ಬೇಡವೋ ಎಂಬ ವಾದ ಅಲ್ಲಿ ಆಗಾಗ ಏಳುತ್ತದೆ. ಜೆಜಿಯಾಂಗ್ ಪ್ರಾಂತ್ಯದ ಹೆಂಗ್‌ಡಿಯಾನ್‌ನಲ್ಲಿ, ಸಿನಿಮಾ ಸೆಟ್‌ಗಳ ಊರಿನಲ್ಲಿ, ಈ ತೋಟದ ದೊಡ್ಡ ಪ್ರತಿಕೃತಿಯನ್ನೇ ಕಟ್ಟಿ 2015ರಲ್ಲಿ ತೆರೆದರು. ಅದು ಅಲ್ಲೇ ಇರಲಿ. ಬೀಜಿಂಗಿನಲ್ಲಿ ಮಾತ್ರ ಕಟ್ಟಡ ಬೇಡ ಎನ್ನುವವರ ಕಡೆ ನಾನು. ಕಾಲುವೆಗಳ ಹೂಳು ತೆಗೆಯಲಿ, ಸವೆದ ಗುಡ್ಡಗಳಿಗೆ ಮಣ್ಣು ಕೊಡಲಿ, ಚಿತ್ರಗಳಲ್ಲಿರುವ ಮರಗಳನ್ನು ಆಯಾ ಜಾಗದಲ್ಲೇ ನೆಡಲಿ. ಅಡಿಪಾಯದ ಕಲ್ಲುಗಳು ಬಿಸಿಲಿಗೆ ಹಾಗೇ ಇರಲಿ.

ಬೀಜಿಂಗಿಗೆ ಹೋಗುವವರಿಗೆ ಒಂದು ಮಾತು. ಕಂಬಗಳನ್ನೂ ನೋಡಿ, ಚೆನ್ನಾಗಿವೆ. ಆದರೆ ಅರ್ಧ ದಿನ ಪಶ್ಚಿಮದ ಕಡೆಗೆ ಇಟ್ಟುಕೊಳ್ಳಿ. ಕಮಲ ಅರಳುವ ಜುಲೈ, ಆಗಸ್ಟಿನಲ್ಲಿ ಜನ ಜಾಸ್ತಿ, ಸೆಕೆಯೂ ಜಾಸ್ತಿ. ಅಕ್ಟೋಬರ್ ಕೊನೆ ಒಳ್ಳೆಯದು. ನಲವತ್ತು ಚಿತ್ರಗಳನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಹಿಂದಿನ ಕೆರೆಯನ್ನು ಒಂದು ಸುತ್ತು ಹಾಕುತ್ತ, ಪ್ರತಿ ದ್ವೀಪದಲ್ಲೂ ಅದರ ಚಿತ್ರ ತೆಗೆದು, ಮನೆಗಳನ್ನು ಬಿಟ್ಟು ಗುಡ್ಡದ ಸಾಲು ಮತ್ತು ನೀರಿನ ಅಂಚನ್ನು ಮಾತ್ರ ಹೋಲಿಸಿ ನೋಡಿ.